ನೂರಕ್ಕೆ ನೂರು ಕವರೇಜ್ ಬಂದರೂ ಸಿಕ್ಕದ ತಪ್ಪು

ಮಂಗಳೂರಿನ ಕಚೇರಿಯೊಂದರಲ್ಲಿ ವಿಮಾನದ ಗ್ರೌಂಡ್ ಸ್ಪಾಯ್ಲರ್ ನಿಯಂತ್ರಿಸುವ ಕೋಡ್ ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನನ್ನ ಕೈಯಲ್ಲಿದ್ದದ್ದು ಒಂದು ಎಕ್ಸೆಲ್ ಹಾಳೆ ಮಾತ್ರ. ವಿಮಾನ ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲೆ ಎದ್ದುನಿಲ್ಲುವ ಈ ಫಲಕಗಳು ರೆಕ್ಕೆಯ ಎತ್ತುಬಲವನ್ನು ಕುಗ್ಗಿಸಿ ಭಾರವನ್ನು ಚಕ್ರಗಳ ಮೇಲೆ ಹಾಕುತ್ತವೆ. ಬ್ರೇಕ್ ಸರಿಯಾಗಿ ಹಿಡಿಯುವುದು ಆಮೇಲೆಯೇ. ಬಜ್ಪೆಯ ಟೇಬಲ್‌ಟಾಪ್ ರನ್‌ವೇಯಲ್ಲಿ ಇಳಿದು ಅಭ್ಯಾಸವಿರುವ ನಮ್ಮವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವೇ ಫಲಕಗಳು ಹಾರಾಟದ ನಡುವೆ ತೆರೆದುಕೊಂಡರೆ ದೊಡ್ಡ ಅನಾಹುತವಾಗಬಹುದು. ಹಾಗಾಗಿ ನಮ್ಮ ಕೋಡ್, ವಿಮಾನದ ಸಾಫ್ಟ್‌ವೇರ್‌ಗಿರುವ ಮಾನದಂಡವಾದ ಡಿಒ-178ಸಿ ಪ್ರಕಾರ, ಅತ್ಯಂತ ಕಟ್ಟುನಿಟ್ಟಿನ ‘ಎ’ ಹಂತಕ್ಕೆ ಸೇರಿತ್ತು.

2011ರ ಈ ಮಾನದಂಡದಂತೆ ‘ಎ’ ಹಂತದಲ್ಲಿ ಎಂಸಿ/ಡಿಸಿ ಎಂಬ ಬಗೆಯ ಕವರೇಜ್ (ಟೆಸ್ಟ್‌ಗಳು ಕೋಡನ್ನು ಎಷ್ಟು ಮುಟ್ಟಿವೆ ಎಂಬ ಅಳತೆ) ತೋರಿಸಲೇಬೇಕು. ಅಂದರೆ ನಿರ್ಧಾರವೊಂದರ ಪ್ರತಿಯೊಂದು ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂಬುದನ್ನು ಪರೀಕ್ಷೆಯಿಂದ ಸಾಬೀತುಪಡಿಸಬೇಕು. ನಮ್ಮಲ್ಲಿದ್ದ ನಿರ್ಧಾರ ಇಷ್ಟು: ಸ್ಪಾಯ್ಲರ್ ಲಿವರ್ ಆರ್ಮ್ ಆಗಿರಬೇಕು (ಸಿದ್ಧಸ್ಥಿತಿಯಲ್ಲಿರಬೇಕು), ಅದರ ಜೊತೆಗೆ ಈ ಎರಡರಲ್ಲಿ ಒಂದಾದರೂ ನಿಜವಾಗಿರಬೇಕು: ಚಕ್ರದ ವೇಗ 70 ನಾಟ್ ಅಥವಾ ಅದಕ್ಕಿಂತ ಹೆಚ್ಚಿರುವುದು, ಇಲ್ಲವೇ ಎರಡೂ ಕಡೆಯ ಗೇರ್ (ಚಕ್ರಗಳ ಕಾಲು) ಭಾರಕ್ಕೆ ಅದುಮಿರುವುದು. ಮೂರು ಷರತ್ತುಗಳಿಂದ ಎಂಟು ಸಂಯೋಜನೆಗಳಾಗುತ್ತವೆ, ಆದರೆ ಎಂಸಿ/ಡಿಸಿಗೆ ಸರಿಯಾಗಿ ಆರಿಸಿದ ನಾಲ್ಕೇ ಸಾಕು. ಮೂರಕ್ಕೆ ಇದು ಸುಲಭ. ಹನ್ನೊಂದು ಷರತ್ತುಗಳಿದ್ದ ಇನ್ನೊಂದು ಫಂಕ್ಷನ್‌ಗೆ ಒಂದೇ ಷರತ್ತು ಬದಲಾಗಿ ಫಲಿತಾಂಶವೂ ಬದಲಾಗುವ ಟೆಸ್ಟ್ ಜೋಡಿಗಳನ್ನು ಕೈಯಲ್ಲೇ ಹುಡುಕುತ್ತ ನಾನು ಎರಡು ದಿನ ಕಳೆದಿದ್ದೆ.

ಆದ್ದರಿಂದ ಕೋಡನ್ನು ಓದಿ ತಾನೇ ಟೆಸ್ಟ್ ಬರೆಯುವ ಟೂಲ್ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಕವರೇಜ್ ನೂರಕ್ಕೆ ನೂರಾಗಿತ್ತು, ಎಲ್ಲ ಟೆಸ್ಟ್‌ಗಳೂ ಪಾಸ್. ಪರಿಶೀಲನೆಗೆ ಕುಳಿತ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಈ ಟೆಸ್ಟ್ ಯಾವ ರಿಕ್ವೈರ್‌ಮೆಂಟ್‌ನಿಂದ ಬಂತು?” ರಿಕ್ವೈರ್‌ಮೆಂಟ್ ಎಂದರೆ ಕೋಡ್ ಏನು ಮಾಡಬೇಕೆಂದು ಬರೆದಿಟ್ಟ ನಿಯಮ. ನನ್ನಲ್ಲಿ ಉತ್ತರವಿರಲಿಲ್ಲ. ನಿರೀಕ್ಷಿತ ಉತ್ತರವನ್ನೂ ಟೂಲ್ ಕೋಡಿನಿಂದಲೇ ಎತ್ತಿಕೊಂಡಿತ್ತು. ಉತ್ತರಪತ್ರಿಕೆಯನ್ನು ನೋಡಿಕೊಂಡೇ ಪ್ರಶ್ನೆಪತ್ರಿಕೆ ಬರೆದ ಹಾಗೆ.

ರಿಕ್ವೈರ್‌ಮೆಂಟನ್ನು ಎದುರಿಗಿಟ್ಟುಕೊಂಡು, ಕೋಡ್ ನೋಡದೆ, ಟೆಸ್ಟ್‌ಗಳನ್ನು ಮತ್ತೆ ಬರೆದೆ. ಗೇರ್ ಅದುಮಿಲ್ಲ, ಲಿವರ್ ಆರ್ಮ್ ಆಗಿದೆ, ವೇಗ ಸರಿಯಾಗಿ 70: ಸ್ಪಾಯ್ಲರ್ ಏಳಲಿಲ್ಲ. ಕೋಡಿನಲ್ಲಿ ‘ಹೆಚ್ಚು ಅಥವಾ ಸಮ’ ಎಂದಿರಬೇಕಾದಲ್ಲಿ ಬರಿಯ ‘ಹೆಚ್ಚು’ ಇತ್ತು. ಟೂಲ್ ಆರಿಸಿದ್ದ ವೇಗಗಳು 0 ಮತ್ತು 200. ಷರತ್ತು ನಿಜವೂ ಆಯಿತು, ಸುಳ್ಳೂ ಆಯಿತು, ಎಂಸಿ/ಡಿಸಿಗೆ ಅಷ್ಟೇ ಸಾಕಾಗಿತ್ತು. ಅಂದಿನಿಂದ ಟೆಸ್ಟ್ ಬರೆಯುವುದು ನಾನು, ಓಡಿಸಿ ಅಳೆಯುವುದು ಟೂಲ್. ಟೆಸ್ಟ್‌ಗಳು ಮುಟ್ಟದೆ ಉಳಿದ ಸಾಲುಗಳನ್ನು ಅದು ಎತ್ತಿ ತೋರಿಸಿದಾಗ, ಬಿಟ್ಟುಹೋದದ್ದು ಟೆಸ್ಟೋ ರಿಕ್ವೈರ್‌ಮೆಂಟೋ ಅಥವಾ ಅದು ಎಂದೂ ಬಳಕೆಗೆ ಬಾರದ ಸತ್ತ ಕೋಡೋ ಎಂದು ಹುಡುಕುವುದೇ ನಿಜವಾದ ಕೆಲಸ.

ಅಳೆಯುವ ಟೂಲಿಗೂ, ಇಂಥ ಟೂಲ್‌ಗಳಿಗೆಂದೇ ಇರುವ ಮಾನದಂಡವಾದ ಡಿಒ-330ರಂತೆ, ಅರ್ಹತೆಯ ಪುರಾವೆ ಬೇಕು, ಅದನ್ನು ಒದಗಿಸಿದೆವು. ಅದರ ಸುತ್ತ ನಾನೇ ಬರೆದ ಸ್ಕ್ರಿಪ್ಟ್ ಮಾತ್ರ ನನ್ನ ಮರ್ಯಾದೆ ಕಳೆಯಿತು. ಜೂನ್ ತಿಂಗಳ ಒಂದು ರಾತ್ರಿ ಗುಡುಗಿಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಟೆಸ್ಟ್‌ಗಳು ಓಡುತ್ತಿದ್ದ ಟಾರ್ಗೆಟ್ ಬೋರ್ಡ್ ಅರ್ಧದಲ್ಲೇ ನಿಂತಿತ್ತು. ಬೆಳಿಗ್ಗೆ ಉಡುಪಿಯ ಮನೆಯಲ್ಲಿ ತೆರೆದು ನೋಡಿದರೆ ವರದಿ ಪೂರ್ತಿ ಹಸಿರು: ಸ್ಕ್ರಿಪ್ಟ್ ಹಿಂದಿನ ದಿನದ ಫಲಿತಾಂಶದ ಫೈಲನ್ನೇ ಓದಿತ್ತು. ಈಗ ಅದು ಮೊದಲು ಹಳೆಯ ಫೈಲ್ ಅಳಿಸುತ್ತದೆ, ಬೋರ್ಡಿನಿಂದ ಮುಕ್ತಾಯದ ಸಾಲು ಬಾರದಿದ್ದರೆ ವರದಿಯನ್ನೇ ತಯಾರಿಸುವುದಿಲ್ಲ.