ತೊಡೆ ಮೇಲಿನ ಕಲೆ, ಫರಸಿ ಕಲ್ಲಿನ ಉಪಾಯ

ಕಲಬುರಗಿಯ ಮೇ ತಿಂಗಳು, ಹೊರಗೆ 42 ಡಿಗ್ರಿ. ನಾನು ಹಾಸಿಗೆ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಆರೇಳು ತಾಸು ಕೆಲಸ ಮಾಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಎಡತೊಡೆಯಲ್ಲಿ ಬಲೆ ಹರಡಿದಂತೆ ಕಂದುಗೆಂಪು ಕಲೆ. ನೋವಿಲ್ಲ, ತುರಿಕೆಯೂ ಇಲ್ಲ.

"ಏನಾಗ್ಯಾದೋ ಇದು? ದವಾಖಾನಿಗಿ ನಡಿ," ಅಂದಳು ಅವ್ವ.

ಡಾಕ್ಟರು ನೋಡಿದ ಕೂಡಲೇ ಕೇಳಿದ್ದು, "ಲ್ಯಾಪ್‌ಟಾಪಾ?" ಸುಡುವಷ್ಟು ಬಿಸಿ ಬೇಕಿಲ್ಲವಂತೆ. ಹಿತವಾದ ಬಿಸಿಯೇ ದಿನಾ ಒಂದೇ ಕಡೆ ತಾಗಿದರೂ ಚರ್ಮ ಹೀಗಾಗುತ್ತದೆ. ಹೆಸರು ಎರಿಥೀಮಾ ಆಬ್ ಇಗ್ನೆ. ಹಿಂದೆ ಒಲೆ ಮುಂದೆ ಜಾಸ್ತಿ ಹೊತ್ತು ಕೂರುವವರಿಗೆ ಬರುತ್ತಿತ್ತು. ಮುಲಾಮು ಕೊಡಲಿಲ್ಲ, ಬಿಸಿ ತಪ್ಪಿಸಿ ಅಂದರು ಅಷ್ಟೇ.

ಹಾಸಿಗೆ ಲ್ಯಾಪ್‌ಟಾಪಿನ ಗಾಳಿಕಿಂಡಿ ಮುಚ್ಚುತ್ತಿತ್ತು, ಅದಕ್ಕೇ ಒಳಗಿನ ಫ್ಯಾನ್ ಸದಾ ಕಿರುಚುತ್ತಿತ್ತು. ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದ್ ಫರಸಿ ಕಲ್ಲಿನ ತುಂಡು ಮೇಜಿಗೆ ಬಂತು. ಅದರ ಮೇಲೆ ಎರಡು ಕಟ್ಟಿಗೆ ತುಂಡು, ಮೇಲೆ ಲ್ಯಾಪ್‌ಟಾಪ್. ಕೆಳಗೆ ಗಾಳಿ ಆಡುತ್ತದೆ. ಸ್ಕ್ರೀನ್ ಎತ್ತರವಾಗಿದ್ದರಿಂದ ಕುತ್ತಿಗೆ ನೋವೂ ಇಳಿಯಿತು. ಟೈಪ್ ಮಾಡಲು ಬೇರೆ ಕೀಬೋರ್ಡ್ ಕೊಂಡೆ.

ಮೇಜು ಕಿಟಕಿ ಪಕ್ಕ, ಬೀದಿ ಕಡೆಗಿದೆ. ಹಾಗಾಗಿ ಏಳುವಾಗ ಸ್ಕ್ರೀನ್ ಲಾಕ್, ಜೊತೆಗೆ ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದವರು ಓದಲಾಗದಂತೆ ಫೈಲುಗಳಿಗೆ ಗುಪ್ತ ರೂಪ. ಕದ್ದವನಿಗೆ ಡಬ್ಬಿ ಸಿಕ್ಕೀತು, ಫೈಲು ಸಿಗಲ್ಲ.

ಕಲೆ ಮೂರು ತಿಂಗಳಲ್ಲಿ ಬಹಳಷ್ಟು ಮಾಸಿದೆ.