17 ವರ್ಷ ನಾನು 'ಫ್ನೂ' ಆಗಿದ್ದೆ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಒಳಗಿಂದ ಬಂದ ಹುಡುಗಿ 'ಫ್ನೂ? ಮಿಸ್ಟರ್ ಫ್ನೂ?' ಅಂತ ಮೂರು ಸಲ ಕೂಗಿದಳು. ಯಾರೋ ಚೀನಾದವರಿರಬೇಕು ಅಂದುಕೊಂಡು ನಾನು ಸುಮ್ನೆ ಕೂತಿದ್ದೆ. ನಾಲ್ಕನೇ ಸಲ ಅವಳು ನನ್ನ ಮುಂದೆಯೇ ಬಂದು ನಿಂತಳು. ಫ್ನೂ ನಾನೇ.

ನಮ್ಮ ಕಡೆ ಮನೆತನದ ಹೆಸರು ಅಂತ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಎನ್. ಶ್ರೀಧರ. ಆ ಎನ್ ಅಂದರೆ ಅಪ್ಪ, ನಂಜುಂಡಯ್ಯ. ಪಾಸ್‌ಪೋರ್ಟ್ ಮಾಡಿಸುವಾಗ ಹಾಸನದ ಏಜೆಂಟ್, 'ಅಪ್ಪನ ಹೆಸರಿಗೆ ಬೇರೆ ಕಾಲಂ ಇದೆಯಲ್ಲ ಸಾರ್' ಅಂತ ಸರ್‌ನೇಮ್ ಜಾಗ ಖಾಲಿ ಬಿಟ್ಟ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡುತ್ತಾರೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU) ಅಂತ ಹಾಕುತ್ತಾರೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. 2005ರಲ್ಲಿ ವೀಸಾದ ಮೇಲೆ ಕೂತ ಆ ಮೂರಕ್ಷರ ಲೈಸೆನ್ಸಿಗೆ ಬಂತು, ಸಂಬಳದ ಚೀಟಿಗೆ ಬಂತು, ಕೊನೆಗೆ ಮಗನ ಜನನ ಪತ್ರದಲ್ಲಿ ತಂದೆಯ ಹೆಸರಿನ ಮುಂದೆಯೂ ಕೂತುಬಿಟ್ಟಿತು.

ಗ್ರೀನ್ ಕಾರ್ಡ್ 2012ರಲ್ಲೇ ಸಿಕ್ಕಿತ್ತು. ಐದು ವರ್ಷ ಆದಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಮನಸ್ಸು ಬರಲಿಲ್ಲ. 2022ರಲ್ಲಿ ಕಾರ್ಡಿನ ಹತ್ತು ವರ್ಷದ ಅವಧಿ ಮುಗಿಯುತ್ತಾ ಬಂದಾಗ ಹೆಂಡತಿ, 'ಹೇಗೂ ದುಡ್ಡು ಕಟ್ಟಬೇಕು, ಅದರ ಬದಲು ಪೌರತ್ವಕ್ಕೇ ಹಾಕಿ. ಆ ಫ್ನೂ ಆದ್ರೂ ಹೋಗುತ್ತೆ' ಅಂದಳು.

ಅವಳು ಹೇಳಿದ್ದು ಸರಿ. ಪೌರತ್ವದ ಅರ್ಜಿಗೆ ಎನ್-400 ಅಂತ ಹೆಸರು. ಅದರಲ್ಲೇ 'ನಿಮ್ಮ ಹೆಸರು ಬದಲಿಸಿಕೊಳ್ಳುತ್ತೀರಾ?' ಅನ್ನುವ ಪ್ರಶ್ನೆ ಇದೆ. ಹೌದು ಅಂದರೆ ಬೇರೆ ಶುಲ್ಕ ಇಲ್ಲ. ನಾನು ಕಟ್ಟಿದ್ದು ಬೆರಳಚ್ಚಿನದೂ ಸೇರಿ 725 ಡಾಲರ್, ಅಷ್ಟೇ. ಅದೇ ಕೆಲಸಕ್ಕೆ ಪ್ರತ್ಯೇಕವಾಗಿ ರಾಜ್ಯದ ಕೋರ್ಟಿಗೆ ಹೋದರೆ ಬೇರೆ ಅರ್ಜಿ, ಬೇರೆ ಫೀಸು.

ಅರ್ಜಿ ಸುಲಭ. ಯಾವ ಹೆಸರು ಬರೆಯಬೇಕು ಅನ್ನುವುದಕ್ಕೇ ಎರಡು ವಾರ ಹಿಡಿಯಿತು. ಊರಿನ ಹೆಸರು ಹಾಕಿಕೊಳ್ಳೋಣ ಅನ್ನಿಸಿತ್ತು, ಅದನ್ನು ಇಲ್ಲಿಯವರ ಬಾಯಲ್ಲಿ ಕೇಳುವ ಧೈರ್ಯ ಬರಲಿಲ್ಲ. ಜಾತಿ ತೋರಿಸುವ ಹೆಸರು ಮೊದಲಿಂದಲೂ ಬೇಡ. ಅಮ್ಮನಿಗೆ ಫೋನ್ ಮಾಡಿ, ಅಪ್ಪನ ಹೆಸರನ್ನು ನನ್ನ ಹೆಸರಿನ ಹಿಂದೆ ಹಾಕಿಕೊಳ್ಳುತ್ತೀನಿ ಅಂದೆ. 'ಇಷ್ಟು ದಿನ ನಿಮ್ಮಪ್ಪ ಮುಂದೆ ಇದ್ದರು. ಈಗ ಹಿಂದಕ್ಕೆ ಕಳಿಸ್ತೀಯೇನೋ?' ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಆಮೇಲೆ ಊರಿನ ಪಹಣಿ ನೆನಪಾಯಿತು. ಅದರಲ್ಲಿ ಅಪ್ಪನ ಹೆಸರು 'ನಂಜುಂಡಯ್ಯ ಬಿನ್' ಅಂತ ಶುರುವಾಗಿ ತಾತನ ಹೆಸರಿನಲ್ಲಿ ಮುಗಿಯುತ್ತದೆ. ಬಿನ್ ಅಂದರೆ ಮಗ. ಆ ಲೆಕ್ಕದಲ್ಲಿ ನಾನು 'ಶ್ರೀಧರ ಬಿನ್ ನಂಜುಂಡಯ್ಯ'. ನಡುವಿನ ಬಿನ್ ತೆಗೆದರೆ ಅಮೆರಿಕದವರಿಗೆ ಬೇಕಾದ ಹಾಗೇ ಆಯಿತಲ್ವಾ! ಇನಿಷಿಯಲ್ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣಲಿಲ್ಲ. ಹೊಸ ಹೆಸರು ಹುಟ್ಟಿಸಿದರೆ ಮುಂದೆ ಅದನ್ನು ಎರಡು ದೇಶದಲ್ಲಿ ವಿವರಿಸುತ್ತಾ ಕೂರಬೇಕು.

ಸಂದರ್ಶನ ನ್ಯೂಜೆರ್ಸಿಯ ನ್ಯೂವರ್ಕಿನಲ್ಲಿ. ಆಗಿನ ನಿಯಮದಂತೆ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ 100 ಪ್ರಶ್ನೆ ಓದಿಕೊಂಡು ಹೋಗಬೇಕಿತ್ತು, 10ರವರೆಗೆ ಕೇಳುತ್ತಿದ್ದರು, 6 ಸರಿ ಇದ್ದರೆ ಸಾಕಿತ್ತು. ಮೊದಲ ಆರೂ ಸರಿಯಾದವು, ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಅಧಿಕಾರಿ ಹೆಸರು ಬದಲಾವಣೆಯ ಮನವಿ ಪತ್ರವನ್ನು ಮುಂದಿಟ್ಟು, ಓದಿ ಸಹಿ ಮಾಡಿ ಅಂದರು. ಓದಿದರೆ ನಂಜುಂಡಯ್ಯದ ಕೊನೆಯ ಎಚ್ ಇಲ್ಲ. ತಪ್ಪು ನನ್ನದೇ, ರಾತ್ರಿ ಹನ್ನೊಂದಕ್ಕೆ ಕೂತು ಟೈಪ್ ಮಾಡಿದ್ದೆ. ನನ್ನ ಭಾರತದ ಪಾಸ್‌ಪೋರ್ಟಿನ ಕೊನೆ ಪುಟದಲ್ಲಿ ಅಪ್ಪನ ಹೆಸರು ಎಚ್ ಸಮೇತ ಇತ್ತು. ಅದನ್ನು ತೋರಿಸಿ ಕೇಳಿಕೊಂಡೆ, ತಿದ್ದಿ ಹೊಸ ಪ್ರತಿ ಕೊಟ್ಟರು. ಆ ಹಾಳೆಗೆ ಸಹಿ ಹಾಕುವ ಮುಂಚೆ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ. ನಾಚಿಕೆ ಬೇಡ.

ಆಗ ಅವರು ಇನ್ನೊಂದು ಮಾತು ಹೇಳಿದರು. ಹೆಸರು ಬದಲಾವಣೆ ಬೇಡ ಅಂದರೆ ಇವತ್ತು ಮಧ್ಯಾಹ್ನವೇ ಇದೇ ಕಟ್ಟಡದಲ್ಲಿ ಪ್ರಮಾಣವಚನ. ಬೇಕು ಅಂದರೆ ಕೋರ್ಟಿನ ದಿನಾಂಕಕ್ಕೆ ಕಾಯಬೇಕು. ಕಾರಣ ಇಷ್ಟೇ: ಪೌರತ್ವ ಕೊಡುವುದು ವಲಸೆ ಇಲಾಖೆಯ ಕೈಯಲ್ಲಿದೆ, ಹೆಸರು ಬದಲಿಸುವ ಅಧಿಕಾರ ನ್ಯಾಯಾಧೀಶರಿಗೆ ಮಾತ್ರ. ಮುಂದಿನ ತಿಂಗಳು ಊರಿಗೆ ಹೋಗುವ ಯೋಚನೆ ಬೇರೆ ಇತ್ತು. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳಲ್ಲ. ಆದರೆ 17 ವರ್ಷ ತಡೆದುಕೊಂಡವನಿಗೆ ಇನ್ನು ಕೆಲವು ವಾರ ಯಾವ ಲೆಕ್ಕ? ಕಾಯುತ್ತೀನಿ ಅಂದೆ. ಕೋರ್ಟಿನ ಪತ್ರ ಬರಲು ಏಳು ವಾರ ಆಯಿತು.

ಫೆಡರಲ್ ಕೋರ್ಟಿನ ಬಾಗಿಲಲ್ಲೇ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಂಡರು. ನ್ಯಾಯಾಧೀಶರು ಮೊದಲು ಹೆಸರು ಬದಲಾವಣೆಯ ಮನವಿಗಳನ್ನು ಒಪ್ಪಿದರು, ಆಮೇಲೆ ಪ್ರಮಾಣವಚನ. ಪೌರತ್ವದ ಸರ್ಟಿಫಿಕೇಟಿನಲ್ಲಿ ಹೊಸ ಹೆಸರೇ ಇತ್ತು. ಜೊತೆಗೆ ಕೋರ್ಟಿನ ಮುದ್ರೆ ಇರುವ ಮನವಿ ಪತ್ರದ ಪ್ರತಿ. ಜನ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಈ ಎರಡನೇ ಕಾಗದವನ್ನು ಎಲ್ಲೋ ತುರುಕುತ್ತಾರೆ. ನನಗೆ ಮುಂದೆ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ.

ಆ ಹೊತ್ತಿನಿಂದ ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ದೇಶ ಬಿಟ್ಟು ಹೋಗುವ ಹಾಗಿಲ್ಲ. ಗ್ರೀನ್ ಕಾರ್ಡ್ ಇಲ್ಲ, ಭಾರತದ ಪಾಸ್‌ಪೋರ್ಟನ್ನು ಇನ್ನು ಬಳಸುವಂತಿಲ್ಲ. ಟಿಕೆಟ್ ಮೊದಲೇ ಕೊಂಡು ಒದ್ದಾಡಬೇಡಿ. ನಾನು ಹತ್ತು ದಿನ ಬಿಟ್ಟು ಗುರುತಿನ ಸಂಖ್ಯೆ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋದೆ. ಅಲ್ಲಿ ಹೆಸರು ಬದಲಾದ ಮೇಲೆ ಲೈಸೆನ್ಸ್, ಬ್ಯಾಂಕು, ಆಫೀಸು. ಪಾಸ್‌ಪೋರ್ಟಿಗೆ 165 ಡಾಲರ್ ಕಟ್ಟಿ ಮೂಲ ಸರ್ಟಿಫಿಕೇಟನ್ನೇ ಕಳಿಸಬೇಕು. ಪಾಸ್‌ಪೋರ್ಟ್ ಬಂತು, ಲಕೋಟೆಯಲ್ಲಿ ಸರ್ಟಿಫಿಕೇಟ್ ಇಲ್ಲ! ಎದೆ ಧಸಕ್ಕೆಂದಿತು. ಅದು ಬೇರೆ ಲಕೋಟೆಯಲ್ಲಿ, ಬೇರೆ ದಿನ ಬರುತ್ತದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಭಾರತದ ಪಾಸ್‌ಪೋರ್ಟ್ ಒಪ್ಪಿಸುವಾಗಲೂ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕುವಾಗಲೂ ಹಳೆಯ ಹೆಸರು ಒಂದು, ಹೊಸದು ಇನ್ನೊಂದು. ಎರಡು ಸಲವೂ ಕೋರ್ಟಿನ ಕಾಗದ ಜೊತೆಗಿಟ್ಟೆ. ಇನ್ನು ಮಗನ ಸರ್‌ನೇಮ್ ಶ್ರೀಧರ, ನನ್ನದು ನಂಜುಂಡಯ್ಯ. ಅಪ್ಪ ಮಗನ ಸರ್‌ನೇಮ್ ಯಾಕೆ ಬೇರೆ ಅಂತ ಶಾಲೆಯಲ್ಲಿ ಕೇಳಿದರು. ನಮ್ಮ ಪದ್ಧತಿಯಲ್ಲಿ ಇದೇ ಸರಿ ಅಂದೆ.

2024ರಲ್ಲಿ ಊರಿಗೆ ಹೋದಾಗ ತೀರಿಕೊಂಡ ಅಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಕೆಲಸ ಬಾಕಿ ಇತ್ತು. ಅಂಕಪಟ್ಟಿಯ ಎನ್. ಶ್ರೀಧರ, ಪಾಸ್‌ಪೋರ್ಟಿನ ಶ್ರೀಧರ ನಂಜುಂಡಯ್ಯ ಇಬ್ಬರೂ ಒಬ್ಬನೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿಕೊಂಡು ನಾಡಕಚೇರಿಗೆ ಹೋದೆ. ಗುಮಾಸ್ತರು ಓಸಿಐ ಕಾರ್ಡ್ ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. 'ನಂಜುಂಡಯ್ಯನವರ ಮಗನಾ?' ಅಂದರು. ಹೌದು ಅಂದೆ. ಪೆನ್ನು ತೆಗೆದು ಅರ್ಜಿಯಲ್ಲಿ ಎರಡು ಹೆಸರಿನ ನಡುವೆ 'ಬಿನ್' ಅಂತ ಬರೆದುಕೊಂಡರು.