ಹೊಸ ಲಿನಕ್ಸ್ ಬಂದಾಗ ಹಳೇ ಡಿಸ್ಕ್ ಮುಟ್ಟಬೇಡಿ

ನಮ್ಮ ಮನೆಯ ಕಂಪ್ಯೂಟರ್ ಯಾವುದೋ ಕಚೇರಿಯಿಂದ ಹೊರಬಿದ್ದ ಡೆಸ್ಕ್‌ಟಾಪ್. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಅಡಿಕೆ ಲೆಕ್ಕ, ದೇವಸ್ಥಾನದ ಕಾರ್ತೀಕದ ಆಮಂತ್ರಣ, ಪಹಣಿ ಪ್ರಿಂಟು, ಆಯಿಗೆ ಯಕ್ಷಗಾನದ ವಿಡಿಯೋ, ಇಷ್ಟೇ ಅದರ ಉದ್ಯೋಗ. ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸ್ ಹೊಸದು ಬಂತು ಅಂದರೆ ನಾನು ನೋಡುವುದು ಈ ನಾಲ್ಕು ಕೆಲಸ ಅದರಲ್ಲಿ ಸಾಗುತ್ತವೋ ಇಲ್ಲವೋ ಅಂತ. ಬಣ್ಣ, ಐಕಾನು ಆಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲೆ, ವಿಂಡೋಸ್ 11 ಹತ್ತದ ಇಂಥ ಯಂತ್ರಗಳು ಶಿರಸಿ ಸುತ್ತ ಎಷ್ಟೋ ಮನೆಯಲ್ಲಿವೆ. "ಭಾವಾ, ಹೊಸದು ಹಾಕಿ ಕೊಡ್ತ್ಯಾ?" ಅಂತ ಕೇಳುವವರಿಗೆಲ್ಲ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಲಿನಕ್ಸಿನಲ್ಲಿ ಉಬುಂಟು, ಮಿಂಟ್, ಡೆಬಿಯನ್ ಅಂತ ಹಲವು ಬಗೆ. ಮೊದಲು ಯಾವುದು ಅಂತ ತೀರ್ಮಾನಿಸಿ. ಉಬುಂಟುವಿನ ಹೆಸರಲ್ಲೇ ವರ್ಷ, ತಿಂಗಳು ಇರುತ್ತದೆ: 24.04 ಅಂದರೆ 2024ರ ಏಪ್ರಿಲ್. ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವುದು ಎಲ್‌ಟಿಎಸ್, ಅಂದರೆ ದೀರ್ಘ ಕಾಲ ನೋಡಿಕೊಳ್ಳುವಂಥದ್ದು, ಐದು ವರ್ಷ ಬೆಂಬಲ. ಲಿನಕ್ಸ್ ಮಿಂಟ್ 22ರ ಸರಣಿ ನಿಂತಿರುವುದು ಇದೇ 24.04ರ ಮೇಲೆ, 2029ರ ತನಕ ಅಪ್‌ಡೇಟ್ ಉಂಟು. ಹಳೇ ಎಲ್‌ಟಿಎಸ್ ಇಟ್ಟುಕೊಂಡವರಿಗೆ ಉಬುಂಟು ಹೊಸದನ್ನು ಬಿಡುಗಡೆಯ ದಿನವೇ ಕೊಡುವುದಿಲ್ಲ. ಕೆಲವು ತಿಂಗಳು ಬಿಟ್ಟು ಅದರ ಮೊದಲ ತಿದ್ದಿದ ಆವೃತ್ತಿ '.1' ಬಂದ ಮೇಲೆಯೇ ಕೊಡುತ್ತದೆ. ಮಾಡಿದವರೇ ಅಷ್ಟು ಕಾಯುವಾಗ ನಮಗೇನು ಅವಸರ? ಪರೀಕ್ಷೆಗೆಂದು ಬಿಡುವ ಬೀಟಾ ಅಂತೂ ಮನೆಮಂದಿ ಬಳಸುವ ಯಂತ್ರಕ್ಕೆ ಬೇಡವೇ ಬೇಡ. ತೀರಾ ಹಳೆಯ 32 ಬಿಟ್ ಪ್ರೊಸೆಸರ್ ಆದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅದಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಅಲ್ಲಿಗೆ ಕೈಬಿಡಿ.

ಡೌನ್‌ಲೋಡ್ ನಮ್ಮ ಕಡೆ ದೊಡ್ಡ ಕೆಲಸ. ಮಿಂಟ್ ಹತ್ತಿರ ಹತ್ತಿರ 3 ಜಿಬಿ, ಉಬುಂಟು 6ರ ಆಸುಪಾಸು. ಮೊಬೈಲ್ ಪ್ಯಾಕಿನ ದಿನದ ಡೇಟಾ ಅಷ್ಟಕ್ಕೆ ಸಾಲುವುದಿಲ್ಲ, ನೆಟ್‌ವರ್ಕೂ ಬೆಟ್ಟದ ತಲೆ ಹತ್ತಿದರೆ ಮಾತ್ರ. ಬ್ರೌಸರಿನಲ್ಲಿ ಎಳೆಯಲು ಹೋದರೆ ನಡುವೆ ಕಡಿದು ಮತ್ತೆ ಮೊದಲಿಂದ ಶುರು. ಮಿಂಟ್, ಉಬುಂಟುವಿನವರದೇ ತಾಣದಲ್ಲಿ ಟೊರೆಂಟ್ ಕೊಂಡಿ ಇರುತ್ತದೆ, ಅದನ್ನು ಬಳಸಿ. ಇವತ್ತು ಅರ್ಧ, ನಾಳೆ ಅರ್ಧ ಇಳಿಸಿದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಪ್ರತಿ ತುಂಡನ್ನೂ ತಾನೇ ತಾಳೆ ನೋಡಿಕೊಳ್ಳುತ್ತದೆ. ಪೇಟೆಯ ಗೆಳೆಯರಿಂದ ಪೆನ್‌ಡ್ರೈವಿನಲ್ಲಿ ತಂದದ್ದಾದರೆ ಕಡತ ಕೆಟ್ಟಿಲ್ಲ ಅಂತ ತಿಳಿಸುವ ಎಸ್‌ಎಚ್‌ಎ 256 ಮೊತ್ತವನ್ನು ತಾಣದಲ್ಲಿ ಕೊಟ್ಟದ್ದರ ಜೊತೆ ಹೋಲಿಸದೆ ಮುಂದೆ ಹೋಗಬೇಡಿ.

16 ಜಿಬಿ ಪೆನ್‌ಡ್ರೈವಿಗೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿಸುವ ವೆಂಟಾಯ್ ತಂತ್ರಾಂಶ ಒಮ್ಮೆ ಹಾಕಿಟ್ಟರೆ ಆಮೇಲೆ ಇಳಿಸಿಕೊಂಡ ಲಿನಕ್ಸಿನ ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಸಾಕು. ಹಾಕುವಾಗ ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸುತ್ತದೆ ಅನ್ನುವುದು ನೆನಪಿರಲಿ. ಕಂಪ್ಯೂಟರ್ ಶುರುವಾಗುವಾಗ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿ. ಎಚ್‌ಪಿ ಆದರೆ ಎಫ್9. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಬಯೋಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗು, ಮುಟ್ಟುವ ಮೊದಲು 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅಲ್ಲಿನ ಸೆಕ್ಯೂರ್ ಬೂಟ್ ಆಯ್ಕೆ ಬದಲಿಸಿದರೆ ಅದನ್ನೇ ಕೇಳಿ ಕೂರಬಹುದು.

ಹೀಗೆ ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ, ಓಡಿಸುವಾಗ ವೇಗ ನೋಡಿ ಬೈಯಬೇಡಿ, ಪೆನ್‌ಡ್ರೈವಿಂದ ಓದುವುದೇ ನಿಧಾನ. ವೈಫೈ ಕಾಣದಿದ್ದರೆ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಮೂಲಕ ಫೋನಿನ ನೆಟ್ ಕೊಡಿ. ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ವೈಫೈಗೆ ಬೇಕಾದ್ದು ಸಿಗುತ್ತದೋ ನೋಡಿ. ಧ್ವನಿ, ಮೈಕು ಐದು ನಿಮಿಷದ ಕೆಲಸ. ಲ್ಯಾಪ್‌ಟಾಪ್ ಆದರೆ ಮುಚ್ಚಿ ತೆರೆದು ಎಚ್ಚರಾಗುತ್ತದೋ ನೋಡಿ.

ಕನ್ನಡಕ್ಕೆ ಮಾತ್ರ ಸಮಯ ಕೊಡಿ. "ಮಾಣಿ, ಇದ್ರಲ್ಲಿ ಕನ್ನಡ ಬತ್ತಾ?" ಅನ್ನುವುದು ಆಯಿಯ ಮೊದಲ ಪ್ರಶ್ನೆ. ಓದಲು ಬರುತ್ತದೆ, ಬರೆಯುವುದೇ ಪರೀಕ್ಷೆ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಕಲಿತ ಕೀಲಿವಿನ್ಯಾಸ ಇಲ್ಲೂ ಇದೆ. ಸೇರಿಸಿಕೊಂಡು ಸಾಲಿನ ಮೊದಲಿಗೇ 'ಏಲಕ್ಕಿ' ಅಂತ ಬೆರಳಚ್ಚಿಸಿ. 'ಏ' ಬರುವ ಜಾಗದಲ್ಲಿ ಅದರ ಚಿಹ್ನೆಯಷ್ಟೇ ಒಂಟಿಯಾಗಿ ಬಂದು ಕೂತರೆ ನೀವು ಬರೀ ಕೀಬೋರ್ಡ್ ಲೇಔಟ್ ಆರಿಸಿದ್ದೀರಿ ಅಂತ ಅರ್ಥ. ಅದನ್ನು ತೆಗೆದು, ಬೆರಳಚ್ಚನ್ನು ಅಕ್ಷರವಾಗಿಸುವ ಐಬಸ್ ತಂತ್ರಾಂಶದ ಎಂ17ಎನ್ ಪಟ್ಟಿಯಿಂದ ಅದೇ ವಿನ್ಯಾಸದ ಕೆಜಿಪಿ ಹಾಕಿಕೊಳ್ಳಿ. ಆಮೇಲೆ 'ಸೂರ್ಯ', 'ರ‍್ಯಾಂಕ್', 'ಲಿನಕ್ಸ್‌ನಲ್ಲಿ' ಬರೆದು ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ನಿಲ್ಲುತ್ತವೋ ನೋಡಿ. ಇದನ್ನು ಲಿಬ್ರೆ ಆಫೀಸಿನಲ್ಲೂ ಬ್ರೌಸರಿನಲ್ಲೂ ಮಾಡಬೇಕು. ಹಳೇ ನುಡಿ ಫಾಂಟಿನ ಆಮಂತ್ರಣ ತೆರೆದರೆ ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರ ಕಂಡು ಗಾಬರಿಯಾಗುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ವಿಂಡೋಸಿನಿಂದ ಆ ಫಾಂಟ್ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ.

ಪ್ರಿಂಟರ್ ಜಾಣತನದ್ದಾಗಿದ್ದರೆ, ಅಂದರೆ ಫೋನಿನಿಂದಲೇ ಪ್ರಿಂಟ್ ತೆಗೆಯುವಂಥದ್ದಾದರೆ, ಹೆಚ್ಚಾಗಿ ಡ್ರೈವರ್ ಇಲ್ಲದೆಯೇ ಸಿಗುತ್ತದೆ. ಹಳೇ ಯುಎಸ್‌ಬಿ ಲೇಸರ್‌ಗಳಲ್ಲಿ ಕೆಲವಕ್ಕೆ ಕಂಪನಿಯ ಡ್ರೈವರೇ ಬೇಕು, ಹೊಸ ಆವೃತ್ತಿಯಲ್ಲಿ ಅದು ಹತ್ತದೇ ಇರಬಹುದು. ಇಲ್ಲಿ ಸೋತರೆ ನನ್ನ ಮಟ್ಟಿಗೆ ಆ ಲಿನಕ್ಸ್ ಸದ್ಯಕ್ಕೆ ಬೇಡ.

ಇಷ್ಟರಲ್ಲಿ ಪಾಸಾದರೆ ಇನ್‌ಸ್ಟಾಲ್. ಆದರೆ ಬೇರೆ ಡಿಸ್ಕಿಗೆ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು ತನ್ನಿ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಹಳೇ ಡಿಸ್ಕಿನ ಕೇಬಲ್ ಕಳಚಿ ಹೊಸದಕ್ಕೆ ಸಿಕ್ಕಿಸಿ. ಇನ್‌ಸ್ಟಾಲ್ ಮಾಡುವ ಜಾಗ ಕೇಳುವ ಪಾರ್ಟಿಷನ್ ಪರದೆಯಲ್ಲಿ ತಪ್ಪು ಆರಿಸಲು ಅಲ್ಲಿ ಇನ್ನೊಂದು ಡಿಸ್ಕೇ ಇರುವುದಿಲ್ಲ. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವ ಡ್ಯುಯಲ್ ಬೂಟ್ ನನಗೆ ಮೊದಲಿಂದಲೂ ಒಗ್ಗದ ವ್ಯವಹಾರ.

ಮಿಂಟ್ ಆದರೆ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಮೊದಲ ದಿನವೇ ಹೊಂದಿಸಿ. ಅದು ಕಾಯುವುದು ವ್ಯವಸ್ಥೆಯನ್ನು; ನಿಮ್ಮ ಕಡತಗಳಿಗೆ ಬೇರೆ ಪ್ರತಿ ಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅನ್ನುವ ಲೆಕ್ಕವಿಲ್ಲ, ಹಾಗಾಗಿ ಲಿಬ್ರೆ ಆಫೀಸಿನ ಆಟೋ ರಿಕವರಿಯನ್ನು 10 ನಿಮಿಷದಿಂದ 2ಕ್ಕೆ ಇಳಿಸಿ. ನಾನಂತೂ ಹೊಸ ಡಿಸ್ಕಿನಲ್ಲಿ ಏನೂ ಇಲ್ಲದಿರುವಾಗಲೇ ಒಂದು ಸುಳ್ಳು ಲೆಕ್ಕ ಬರೆದು, ಬೋರ್ಡಿನ ಸ್ವಿಚ್ಚೇ ಆರಿಸಿ, ಮತ್ತೆ ಹಾಕಿ ನೋಡುತ್ತೇನೆ. ಅಪ್‌ಡೇಟ್ ನಡೆಯುವಾಗ ಮಾತ್ರ ಈ ಆಟ ಬೇಡ. ಗುಡುಗು ಕೇಳಿದರೆ ಅಪ್‌ಡೇಟನ್ನೇ ಮುಂದಕ್ಕೆ ಹಾಕಿ.

ಹಳೇ ಡಿಸ್ಕ್ ಸಿಕ್ಕಿಸಿ ವಿಂಡೋಸಿಗೆ ಮರಳಿದರೆ ಗಡಿಯಾರ ಐದೂವರೆ ತಾಸು ಹಿಂದೆ ಇರಬಹುದು. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಬ್ಯಾಟರಿ ಹೋಯಿತು ಅಂತ ಅಂಗಡಿಗೆ ಓಡಬೇಡಿ, ಸಮಯವನ್ನು ಇಂಟರ್ನೆಟ್ಟಿನಿಂದ ಹೊಂದಿಸಿದರಾಯಿತು. ಇನ್ನು ಹಳೇ ಕಡತ ತರಬೇಕಾದಾಗ ವಿಂಡೋಸನ್ನು ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಡಿಸ್ಕನ್ನು ಅರೆನಿದ್ದೆಯಲ್ಲಿ ಬಿಟ್ಟಿರುತ್ತದೆ, ಲಿನಕ್ಸ್ ಅದನ್ನು ಓದಲಷ್ಟೇ ಬಿಡುತ್ತದೆ ಅಥವಾ ತೆರೆಯುವುದೇ ಇಲ್ಲ. ಆಮೇಲೆ ಆ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಸಿಕ್ಕಿಸಿ, ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ, ಕಟ್ ಮಾಡಬೇಡಿ.